ಜಿಮ್ ಮುಗಿಸಿ ಬಂದ ಮೇಲೆ ಮನಸ್ಸೇನೋ ಹಗುರ, ನಿದ್ದೆ ಯಾಕೆ ದೂರ?

ಪ್ರಶ್ನೆ: ಆಫೀಸು ಮುಗಿಸಿ ಜಿಮ್ ಸೇರುವಾಗ ರಾತ್ರಿ ಒಂಬತ್ತು. ಕಾಲೆಳೆದುಕೊಂಡೇ ಹೋಗುತ್ತೇನೆ. ಹತ್ತೂವರೆಗೆ ಹೊರಗೆ ಬರುವಾಗ ಮೈಯೆಲ್ಲ ಸುಸ್ತು, ಆದರೂ ಒಳಗೆ ಏನೋ ನೆಮ್ಮದಿ. ಬೆಳಿಗ್ಗೆಯಿಂದ ತಲೆ ತಿಂದ ವಿಷಯವೂ ದೊಡ್ಡದೆನಿಸುವುದಿಲ್ಲ. ಇದು ಯಾಕೆ? ಇಷ್ಟು ಹಾಯಾಗಿದ್ದರೂ ಹನ್ನೆರಡೂವರೆಯಾದರೂ ನಿದ್ದೆ ಹತ್ತುವುದಿಲ್ಲವಲ್ಲ, ಅದು ಯಾಕೆ?

ಉತ್ತರ: ಮೊದಲರ್ಧಕ್ಕೆ ಜಿಮ್ಮಿನಲ್ಲಿ ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ: ಎಂಡಾರ್ಫಿನ್, ಅಂದರೆ ನೋವು ಮರೆಸಲು ದೇಹವೇ ತಯಾರಿಸಿಕೊಳ್ಳುವ ರಾಸಾಯನಿಕ. ಪೂರ್ತಿ ಸುಳ್ಳಲ್ಲ. ಮೈ ದಂಡಿಸಿದಾಗ ರಕ್ತದಲ್ಲಿ ಅದು ಏರುತ್ತದೆ. ಆದರೆ ರಕ್ತಕ್ಕೂ ಮಿದುಳಿಗೂ ನಡುವೆ ಒಂದು ಕಾವಲು ಗೋಡೆಯಿದೆ, ರಕ್ತದಲ್ಲಿರುವ ಎಂಡಾರ್ಫಿನ್ ಅದನ್ನು ಸುಲಭಕ್ಕೆ ದಾಟಲಾರದು. ಮಿದುಳು ತನ್ನೊಳಗೇ ಅಂಥದ್ದನ್ನು ಸುರಿಸಿಕೊಳ್ಳಬಹುದು. 2008ರಲ್ಲಿ ಜರ್ಮನಿಯಲ್ಲಿ ಎರಡು ಗಂಟೆ ಓಡಿ ಬಂದ 10 ಓಟಗಾರರ ಮಿದುಳಿನ ಸ್ಕ್ಯಾನ್ ಹಾಗೇ ಹೇಳಿತು. ಆದರೆ 2021ರಲ್ಲಿ ಅಲ್ಲಿಯದೇ ಇನ್ನೊಂದು ತಂಡ, ಎಂಡಾರ್ಫಿನ್ ಕೆಲಸಕ್ಕೆ ತಡೆಯೊಡ್ಡುವ ಔಷಧಿ ಕೊಟ್ಟು 63 ಮಂದಿಯನ್ನು ಓಡಿಸಿತು. ಓಟದ ನಂತರದ ಖುಷಿ, ಆತಂಕ ಇಳಿಯುವುದು ಎರಡೂ ಹಾಗೇ ಇದ್ದವು.

ಹಾಗಾಗಿ ಈಗ ಅನುಮಾನ ಹೆಚ್ಚಾಗಿ ದೇಹದ್ದೇ ಇನ್ನೊಂದು ರಾಸಾಯನಿಕದ ಮೇಲಿದೆ. 1992ರಲ್ಲಿ ಜೆರುಸಲೇಮಿನ ರಸಾಯನ ವಿಜ್ಞಾನಿ ರಾಫೆಲ್ ಮೆಶುಲಾಮ್ ಅವರ ಪ್ರಯೋಗಾಲಯದವರು ಇದನ್ನು ಪತ್ತೆಮಾಡಿ, ಸಂಸ್ಕೃತದ ‘ಆನಂದ’ವನ್ನೇ ಸೇರಿಸಿ ಹೆಸರಿಟ್ಟರು. ಇಂಗ್ಲಿಷಿನಿಂದ ಓದಿ ‘ಅನಂಡಮೈಡ್’ ಎಂದು ಬರೆಯುವವರಿದ್ದಾರೆ. ನಮ್ಮದೇ ಪದವನ್ನು ನಾವೇ ಯಾಕೆ ತಿರುಚಬೇಕು, ಆನಂದಮೈಡ್ ಎನ್ನೋಣ. ಗಾಂಜಾದ ಅಂಶ ಮಿದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತದೋ ಅಲ್ಲೇ ಇದೂ ಕೂರುತ್ತದೆ. ಕೊಬ್ಬಿನ ಜಾತಿಯದ್ದಾದ್ದರಿಂದ ಆ ಗೋಡೆ ಇದಕ್ಕೆ ಲೆಕ್ಕಕ್ಕಿಲ್ಲ. ಅರ್ಧ ಮುಕ್ಕಾಲು ಗಂಟೆ ಬೆವರಿಳಿಸಿದರೆ ರಕ್ತದಲ್ಲಿ ಏರುತ್ತದೆ.

ಇನ್ನೊಂದು ಕಾರಣಕ್ಕೆ ಪ್ರಯೋಗಾಲಯ ಬೇಕಿಲ್ಲ. ಭುಜದ ಮೇಲೆ ಅರವತ್ತು ಕೆ.ಜಿ. ಹೊತ್ತು ಹತ್ತನೇ ಬಸ್ಕಿಗೆ ಕೂತಾಗ, ತೊಡೆ ನಡುಗುವಾಗ, ಮ್ಯಾನೇಜರ್ ಕಳಿಸಿದ ಮೇಲ್ ಯಾರಿಗೆ ನೆನಪಾಗುತ್ತದೆ? ‘ಏಳ್ತೀನಾ ಇಲ್ವಾ’ ಅಷ್ಟೇ. ಎದ್ದು ಕಂಬಿಯನ್ನು ಸ್ಟ್ಯಾಂಡಿಗೆ ಖಣ್ ಎಂದು ಕೂರಿಸಿದರೆ ಆ ಕೆಲಸ ಮುಗಿಯಿತು, ನಾಳೆಗೆ ಬಾಕಿಯಿಲ್ಲ. ಆಫೀಸಿನ ಕೆಲಸ ಎಂದಾದರೂ ಹಾಗೆ ಮುಗಿದದ್ದುಂಟೇ? ನಿಮ್ಮ ನೆಮ್ಮದಿಯಲ್ಲಿ ಇದರ ಪಾಲೇ ದೊಡ್ಡದು ಎಂದು ನನ್ನ ಅಂದಾಜು.

ಜೊತೆಗೆ, ವ್ಯಾಯಾಮ ನಿಂತ ಮೇಲೆ ಕೆಲವು ಗಂಟೆ ಬಿ.ಪಿ. ಮೊದಲಿಗಿಂತ ಸ್ವಲ್ಪ ಕೆಳಗೇ ಇರುತ್ತದೆ. ಇದರ ಪಾಠ ನಾನು ಕಲಿತದ್ದು ಶಟಲ್ ಕೋರ್ಟಿನ ಮೆಟ್ಟಿಲ ಮೇಲೆ. ಕೊನೇ ಗೇಮ್ ಮುಗಿದದ್ದೇ ದೊಪ್ಪನೆ ಕೂತೆ, ಎದ್ದಾಗ ಕಣ್ಣು ಕತ್ತಲೆ ಬಂತು. ರಕ್ತವೆಲ್ಲ ಕಾಲಿನಲ್ಲೇ ಉಳಿದಿತ್ತು. ಈಗ ಐದು ನಿಮಿಷ ಸುಮ್ಮನೆ ನಡೆದೇ ಕೂರುತ್ತೇನೆ.

ಇನ್ನು ನಿದ್ದೆ. ಮನಸ್ಸು ಶಾಂತವಾದರೆ ನಿದ್ದೆ ತಾನಾಗಿ ಬರಬೇಕು ಎಂದುಕೊಳ್ಳುತ್ತೇವೆ. ಆದರೆ ದೇಹದ ಒಳಗಿನ ಕಾವು ಇಳಿಯತೊಡಗಿದಾಗಲೇ ಕಣ್ಣು ಎಳೆಯುವುದು, ನೀವು ಹತ್ತೂವರೆಗೆ ಅದನ್ನು ಏರಿಸಿಕೊಂಡು ಬಂದಿರುತ್ತೀರಿ. ಘಾಟಿ ಹತ್ತಿ ಬಂದ ಬಸ್ಸು ನಿಲ್ದಾಣದಲ್ಲಿ ನಿಂತಿರುತ್ತದೆ, ಬಾನೆಟ್ ಮುಟ್ಟಿದರೆ ಸುಡುತ್ತದೆ. ಎದೆಬಡಿತವೂ ಹಾಗೇ, ತನ್ನ ಲಯಕ್ಕೆ ನಿಧಾನಕ್ಕೆ ಮರಳುತ್ತದೆ.

2019ರಲ್ಲಿ ಸ್ವಿಟ್ಜರ್ಲೆಂಡಿನವರು 23 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಸಂಜೆಯ ವ್ಯಾಯಾಮದಿಂದ ನಿದ್ದೆಗೆ ತೊಂದರೆಯಿಲ್ಲ, ಮಲಗುವ ಒಂದು ಗಂಟೆಯೊಳಗೆ ಮುಗಿಯುವ ಬಿರುಸಿನದ್ದು ಮಾತ್ರ ಹೊರತು ಎಂದರು. 2025ರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ನಿದ್ದೆ, ಎದೆಬಡಿತ ಅಳೆಯುವ ಕೈಪಟ್ಟಿ ಕಟ್ಟಿಕೊಂಡ ಸುಮಾರು 14,700 ಮಂದಿಯ ಲೆಕ್ಕ ತೆಗೆದು, ಬಿರುಸಿನದ್ದಾದರೆ ನಾಲ್ಕು ಗಂಟೆ ಅಂತರ ಬೇಕು ಎಂದರು. ಒಂಬತ್ತಕ್ಕೆ ಜಿಮ್ ಸೇರುವವರಿಗೆ ನಾಲ್ಕು ಗಂಟೆ ಎಲ್ಲಿಂದ ತರುವುದು? ಹಾಗೆಂದು ಜಿಮ್ ಬಿಡಬೇಡಿ. ಭಾರದ ಬಸ್ಕಿಯನ್ನು ಶನಿವಾರ ಭಾನುವಾರಕ್ಕಿಟ್ಟು, ವಾರದ ನಡುವೆ ಹಗುರದ್ದು ಮಾಡಿ. ಮನೆಗೆ ಬಂದು ಬೆಚ್ಚನೆ ನೀರು ಹುಯ್ದುಕೊಳ್ಳಿ. ರಕ್ತ ಚರ್ಮದ ಕಡೆ ಹರಿದು ಒಳಗಿನ ಕಾವು ಹೊರಗೆ ಹೋಗುತ್ತದೆ.

ಒಂದು ಮಾತು ನೀವು ಬರೆದಿಲ್ಲ. ಜಿಮ್ಮಿಗೆ ಮೊದಲು ಶೇಕರಿನಲ್ಲಿ ಕಲಸಿ ಕುಡಿಯುವ ‘ಪ್ರೀ-ವರ್ಕೌಟ್’ ಪುಡಿ ಏನಾದರೂ ಇದೆಯೇ? ಅಂಥ ಡಬ್ಬಿಗಳಲ್ಲಿ ಹೆಚ್ಚಿನವುಗಳ ಮುಖ್ಯ ಸರಕು ಕೆಫೀನ್. ಅದರ ಅರ್ಧ ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಒಂಬತ್ತಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಎರಡಕ್ಕೂ ಒಳಗೇ ಇರುತ್ತದೆ. ಇದ್ದರೆ, ಮೇಲೆ ಬರೆದ ಕಾವು ಗೀವು ಎಲ್ಲ ಬದಿಗಿಟ್ಟು ಮೊದಲು ಆ ಡಬ್ಬಿ ಮುಚ್ಚಿ.