ಶ್ರೀಶೈಲದ ರೋಪ್‌ವೇ ಹತ್ತಿದರೆ ಮೆಟ್ಟಿಲು ತಪ್ಪುತ್ತದಾ?

ಓದುಗರ ಪ್ರಶ್ನೆ: ನಾವು ರಾಯದುರ್ಗದವರು. ನಮ್ಮ ಅತ್ತೆಗೆ 68 ವರ್ಷ, ಎರಡೂ ಮೊಣಕಾಲು ನೋವು. ಶ್ರೀಶೈಲಕ್ಕೆ ಹೋಗಿ ಪಾತಾಳಗಂಗೆಯಲ್ಲಿ ಕಾಲು ತೊಳೆದು ಬರಬೇಕು ಅನ್ನೋದು ಅವರ ಬಹಳ ದಿನದ ಆಸೆ. ಅಲ್ಲಿ ರೋಪ್‌ವೇ ಇದೆ, ಮೆಟ್ಟಿಲಿನ ಕಷ್ಟವೇ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿಜಾನಾ? ಯಾವಾಗ ಹೋದರೆ ಒಳ್ಳೆಯದು?

ಅರ್ಧ ನಿಜ. ಉಳಿದ ಅರ್ಧ ನೀವು ಯಾವ ತಿಂಗಳು ಹೋಗುತ್ತೀರಿ ಅನ್ನುವುದರ ಮೇಲಿದೆ.

ಉಗಾದಿ ಮುಗಿದ ಮೇಲೆ ನಮ್ಮ ಆದೋನಿ, ಆಲೂರು ಕಡೆ ಈ ಪ್ರಶ್ನೆ ಜಾಸ್ತಿ. ಪಾದಯಾತ್ರೆ ಮಾಡಿ ಬಂದವರು ಕಟ್ಟೆಯ ಮೇಲೆ ಕೂತು ಪರ್ವತದ ಮಲ್ಲಯ್ಯನ ಸುದ್ದಿ ಹೇಳುತ್ತಾರೆ. ಕೇಳಿದ ಹಿರಿಯರಿಗೆ ಆಸೆ ಹುಟ್ಟುತ್ತದೆ. ಜೊತೆಗೆ ಯಾರೋ ಒಬ್ಬರು "ಈಗ ರೋಪ್‌ವೇ ಐತಲ್ಲ" ಅಂದುಬಿಡುತ್ತಾರೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸುತ್ತೇನೆ. ಪಳನಿಯಲ್ಲಿ ಗುಡಿ ಬೆಟ್ಟದ ಮೇಲಿದೆ, ರೋಪ್ ಕಾರ್ ಕೆಳಗಿಂದ ಮೇಲಕ್ಕೆ ಒಯ್ಯುತ್ತದೆ. ಶ್ರೀಶೈಲದಲ್ಲಿ ಉಲ್ಟಾ. ಊರು, ಗುಡಿ, ಛತ್ರ ಎಲ್ಲ ಬೆಟ್ಟದ ಮೇಲೇ ಇವೆ. ಬಸ್ಸು ನಿಮ್ಮನ್ನು ಮೇಲೆಯೇ ಇಳಿಸುತ್ತದೆ. ರೋಪ್‌ವೇ ಇರುವುದು ಊರಿಂದ ಕೆಳಗೆ ಕೃಷ್ಣಾ ನದಿಗೆ, ಅಂದರೆ ಪಾತಾಳಗಂಗೆಗೆ ಇಳಿಯಲು. ಹಾಗಾಗಿ ಮಲ್ಲಿಕಾರ್ಜುನ, ಭ್ರಮರಾಂಬೆಯರ ದರ್ಶನಕ್ಕೆ ಅದು ಬೇಕಾಗಿಯೇ ಇಲ್ಲ. ನದಿಗೆ ಹೋಗುವವರಿಗೆ ಮಾತ್ರ. ನಡೆದು ಇಳಿದರೆ ಸುಮಾರು 500 ಮೆಟ್ಟಿಲು. ಇಳಿಯುವುದು ಹೇಗೋ ಆಗುತ್ತದೆ, ವಾಪಸ್ ಹತ್ತುವಾಗ ಗಟ್ಟಿ ಹುಡುಗರೂ ನಾಲ್ಕು ಕಡೆ ಕೂರುತ್ತಾರೆ.

ಈಗ ಮುಖ್ಯ ವಿಷಯ. ರೋಪ್‌ವೇ ನಿಮ್ಮನ್ನು ನೀರಿನ ಅಂಚಿಗೆ ಬಿಡುವುದಿಲ್ಲ. ಕೆಳಗಿನ ನಿಲ್ದಾಣಕ್ಕೆ ಬಿಡುತ್ತದೆ. ಅಲ್ಲಿಂದ ನೀರಿಗೆ ಮತ್ತೆ ಮೆಟ್ಟಿಲಿಳಿಯಬೇಕು. ಎಷ್ಟು ಮೆಟ್ಟಿಲು? ಅದನ್ನು ಹೇಳುವುದು ಜಲಾಶಯ.

ಪಾತಾಳಗಂಗೆಯಲ್ಲಿ ಈಗ ನಾವು ನೋಡುವುದು ಹರಿಯುವ ಹೊಳೆಯನ್ನಲ್ಲ, ಶ್ರೀಶೈಲ ಡ್ಯಾಂ ಹಿಂದೆ ನಿಂತ ನೀರನ್ನು. 1960ರ ದಶಕದಲ್ಲಿ ಕೆಲಸ ಶುರುವಾಗಿ 1980ರ ದಶಕದ ಹೊತ್ತಿಗೆ ಡ್ಯಾಂ ನಿಂತಿತು. ಅದಕ್ಕೆ ಮೊದಲು ನದಿ ಇನ್ನೂ ಎಷ್ಟೋ ಕೆಳಗಿತ್ತು. ಹಳೆಯ ಮೆಟ್ಟಿಲುಗಳಲ್ಲಿ ಒಂದಷ್ಟು ಈಗ ನೀರಿನಡಿ ಇವೆ. ಪಾತಾಳ ಅನ್ನುವ ಹೆಸರು ಸುಮ್ನೆ ಬಂದದ್ದಲ್ಲ. ಜಲಾಶಯ ತುಂಬಿದಾಗ ಮಟ್ಟ 885 ಅಡಿ. ಬೇಸಿಗೆಯಲ್ಲಿ ಅದು 830ರ ಆಸುಪಾಸಿಗೆ ಇಳಿಯುವುದೂ ಉಂಟು. ಅಂದರೆ 50 ಅಡಿಗೂ ಜಾಸ್ತಿ ವ್ಯತ್ಯಾಸ. ಒಂದು ಮೆಟ್ಟಿಲು ಅರ್ಧ ಅಡಿ ಅಂತ ಹಿಡಿದರೂ 100 ಮೆಟ್ಟಿಲಾಯಿತು. ಮೊಣಕಾಲು ನೋಯುವವರಿಗೆ 100 ಮೆಟ್ಟಿಲು ಅಂದರೇನು ಅಂತ ನಿಮ್ಮ ಅತ್ತೆಯವರನ್ನೇ ಕೇಳಿ.

ಇದನ್ನು ನಾನು ಕಲಿತದ್ದು ಮೇ ತಿಂಗಳಲ್ಲಿ ನಮ್ಮವ್ವನನ್ನು ಕರೆದುಕೊಂಡು ಹೋಗಿ. ಕ್ಯಾಬಿನ್ ಬಾಗಿಲು ಹಾಕಿದ ಕೂಡಲೇ ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕಣ್ಣು ಮುಚ್ಚಿಕೊಂಡಳು. ಅರ್ಧ ದಾರಿಯಲ್ಲಿ ಒಂದೇ ಕಣ್ಣು ತೆರೆದು, "ಏ, ಹೊಳಿ ಇಷ್ಟ್ ಸಣ್ಣದೈತಿ?" ಅಂದಳು. ಮೇಲಿಂದ ನೋಡಿದರೆ ನಲ್ಲಮಲದ ಗುಡ್ಡಗಳ ನಡುವೆ ನೀರು ಒಂದು ಪಟ್ಟಿಯ ಹಾಗೆ ಕಾಣುತ್ತಿತ್ತು. ಅದರ ಎರಡೂ ದಂಡೆಗೆ, ನೀರು ಇಳಿದ ಮಟ್ಟದವರೆಗೂ ಬಂಡೆಗಳು ಬೋಳಾಗಿ ಕೆಂಪಗೆ ನಿಂತಿದ್ದವು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಕೆಳಗೆ ಇಳಿದು ನೋಡಿದರೆ ಮೆಟ್ಟಿಲುಗಳು ಮುಗಿಯುವ ಹಾಗೇ ಇಲ್ಲ. ಕಲ್ಲು ಕಾದಿತ್ತು, ಬರಿಗಾಲು. ಸ್ವಲ್ಪ ಇಳಿದು ಅವ್ವ ಕೂತೇಬಿಟ್ಟಳು. ತಮ್ಮ ಚೊಂಬು ಹಿಡಿದು ಕೆಳಗೆ ಓಡಿ ನೀರು ತಂದ. ಅರ್ಧ ಚೊಂಬು ಕಾಲಿಗೆ, ಅರ್ಧ ತಲೆಗೆ. ಅಲ್ಲಿಗೆ ನಮ್ಮ ಗಂಗಾಸ್ನಾನ ಮುಗಿಯಿತು.

ಹಾಗಾದರೆ ಯಾವಾಗ ಹೋಗಬೇಕು? ನನ್ನನ್ನು ಕೇಳಿದರೆ ದಸರಾ ಮುಗಿದು ದೀಪಾವಳಿ ಬರುವವರೆಗಿನ ಸುಮಾರು 20 ದಿನ. ಅದರಲ್ಲೂ ವಾರದ ನಡುವೆ. ಮಳೆ ಚೆನ್ನಾಗಿ ಆದ ವರ್ಷ ಆ ಹೊತ್ತಿಗೆ ಜಲಾಶಯ ತುಂಬಿರುತ್ತದೆ, ಬಿಸಿಲೂ ಮೆತ್ತಗಿರುತ್ತದೆ. ದೀಪಾವಳಿ ಅಮಾವಾಸ್ಯೆ ದಾಟಿದರೆ ಕಾರ್ತಿಕ ಶುರು. ಕಾರ್ತಿಕ ಸೋಮವಾರಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಶಿವರಾತ್ರಿ, ಉಗಾದಿಯ ಮಾತು ಬೇಡವೇ ಬೇಡ. ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ ಅಂತ ಸೀರೆ, ಅರಿಶಿನ ಕುಂಕುಮ ಹೊತ್ತು ಕನ್ನಡದವರು ಉಗಾದಿಗೆ ನಡೆದು ಬರುತ್ತಾರೆ. ಆ ಜಾತ್ರೆಯನ್ನು ಒಮ್ಮೆ ನೋಡಲೇಬೇಕು. ಆದರೆ ರೋಪ್‌ವೇ ಸಾಲಿನಲ್ಲಿ ಅತ್ತೆಯವರನ್ನು ನಿಲ್ಲಿಸಿಕೊಂಡು ಅಲ್ಲ.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೋಗಬಾರದಾ ಅಂತ ಕೇಳುತ್ತೀರಿ. ನೀರು ಮೇಲೇ ಇರುತ್ತದೆ, ಸರಿ. ಆದರೆ ಡ್ಯಾಂ ಗೇಟು ತೆಗೆದ ಸುದ್ದಿ ಬಂದರೆ ಸಾಕು, ಶನಿವಾರ ಭಾನುವಾರ ಹೈದರಾಬಾದಿನ ಕಾರುಗಳೆಲ್ಲ ಘಾಟಿಯಲ್ಲೇ ನಿಂತುಬಿಡುತ್ತವೆ. ಪ್ರವಾಹ ಜೋರಾಗಿದ್ದರೆ ದೋಣಿ ನಿಲ್ಲಿಸುತ್ತಾರೆ. ಗಾಳಿ, ಗುಡುಗು ಇದ್ದರೆ ರೋಪ್‌ವೇಯನ್ನೂ ನಿಲ್ಲಿಸಲೇಬೇಕಾಗುತ್ತದೆ. ತಂತಿಗೆ ತೂಗುಬಿದ್ದ ಪೆಟ್ಟಿಗೆ, ಅಲ್ವಾ?

ನೀರಿನ ಮಟ್ಟ ತಿಳಿಯುವುದು ಕಷ್ಟವಲ್ಲ. ಮಳೆಗಾಲದಲ್ಲಿ ತೆಲುಗು ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಶ್ರೀಶೈಲದ ಮಟ್ಟ ಬರುತ್ತಿರುತ್ತದೆ. 870 ದಾಟಿದೆ ಅಂದರೆ ಧೈರ್ಯವಾಗಿ ಹೊರಡಿ. ಇನ್ನೊಂದು ಲೆಕ್ಕ ನಿಮ್ಮ ಮನೆ ಬಾಗಿಲಲ್ಲೇ ಇದೆ. ಟಿಬಿ (ತುಂಗಭದ್ರಾ) ಡ್ಯಾಂ ಗೇಟು ತೆಗೆದರೆ ಆ ನೀರು ಕೊನೆಗೆ ಸೇರುವುದು ಇಲ್ಲಿಗೇ. ತುಂಗಭದ್ರೆ ಕೃಷ್ಣೆಗೆ ಕೂಡುವ ಸಂಗಮ ಈ ಜಲಾಶಯದ ಹಿನ್ನೀರಿನಲ್ಲಿದೆ. ಇದೇ ಹಿನ್ನೀರಿನಲ್ಲಿ ಸಂಗಮೇಶ್ವರ ಅಂತ ಒಂದು ಗುಡಿ ಇದೆ. ವರ್ಷದ ಹೆಚ್ಚು ಕಾಲ ನೀರಿನಲ್ಲಿ ಮುಳುಗಿರುತ್ತದೆ, ನೀರು ಇಳಿದಾಗ ಮೇಲೆ ಕಾಣುತ್ತದೆ. "ಸಂಗಮೇಶ್ವರ ಕಾಣಿಸಿಕೊಂಡ" ಅಂತ ಸುದ್ದಿ ಬಂದರೆ ಪಾತಾಳಗಂಗೆಯಲ್ಲಿ ಮೆಟ್ಟಿಲು ಜಾಸ್ತಿಯಾಗಿವೆ ಅಂತಲೇ ಅರ್ಥ. ಸಂಗಮೇಶ್ವರ ನೋಡಬೇಕು ಅನ್ನುವವರಿಗೆ ಅದು ಒಳ್ಳೆಯ ಕಾಲ. ನಿಮ್ಮ ಅತ್ತೆಯವರಿಗೆ ಅಲ್ಲ.

ದಾರಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಬಳ್ಳಾರಿ ಮೇಲೆ ಕರ್ನೂಲಿಗೆ ಬನ್ನಿ. ಅಲ್ಲಿಂದ ನಂದಿಕೊಟ್ಕೂರು, ಆತ್ಮಕೂರು, ದೋರ್ನಾಲ, ಶ್ರೀಶೈಲ. ಕರ್ನೂಲಿನಿಂದ ಸುಮಾರು 180 ಕಿಲೋಮೀಟರ್. ದೋರ್ನಾಲದಿಂದ ಮುಂದಿನ 50 ಕಿಲೋಮೀಟರ್ ಹುಲಿ ಕಾಡಿನ ಘಾಟಿ ರಸ್ತೆ. ರಾತ್ರಿ 9ಕ್ಕೆ ಅರಣ್ಯ ಇಲಾಖೆಯ ಗೇಟು ಹಾಕುತ್ತಾರೆ, ತೆಗೆಯುವುದು ಬೆಳಿಗ್ಗೆ 6ಕ್ಕೆ. ಗೇಟಿನ ಮುಂದೆ ಕಾರಿನಲ್ಲಿ ರಾತ್ರಿ ಕಳೆಯುವುದು ಬೇಡ ಅನ್ನುವವರು ಮಧ್ಯಾಹ್ನ 2 ಗಂಟೆಯೊಳಗೆ ಕರ್ನೂಲು ಬಿಡಿ. ಘಾಟಿಯಲ್ಲಿ ತಿರುವು ಜಾಸ್ತಿ. ವಾಂತಿ ಬರುವವರಿಗೆ ಊಟ ಸ್ವಲ್ಪ ಕಡಿಮೆ ಮಾಡಿಸಿ, ನಿಂಬೆಹಣ್ಣು ಕೈಯಲ್ಲಿರಲಿ.

ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಬಿಡಿ. ಸಂಜೆ ತಲುಪಿ, ಛತ್ರದಲ್ಲಿ ಮಲಗಿ, ಮರುದಿನ ಬೆಳಿಗ್ಗೆ ತಿಂಡಿಗೂ ಮೊದಲು ರೋಪ್‌ವೇ ಕಡೆ ನಡೆಯಿರಿ. ಆ ಹೊತ್ತಿಗೆ ಸಾಲು ಚಿಕ್ಕದು, ಕಲ್ಲೂ ತಣ್ಣಗಿರುತ್ತದೆ. ಪಯಣ ಕೆಲವೇ ನಿಮಿಷ. ಕ್ಯಾಬಿನ್ ಹತ್ತುವಾಗ ಇಳಿಯುವಾಗ ಒಬ್ಬರು ಮೊದಲು ಇಳಿದು ಅತ್ತೆಯವರ ಕೈ ಹಿಡಿಯಿರಿ. ಟಿಕೆಟ್ ತೆಗೆಯುವಾಗಲೇ ಹೋಗಿ ಬರುವುದಕ್ಕೆ ಎರಡಕ್ಕೂ ಸೇರಿಸಿ ತೆಗೆದುಕೊಳ್ಳಿ, ಅದನ್ನು ಒದ್ದೆಯಾಗದ ಕಡೆ ಇಡಿ. ಕೆಳಗೆ ಇಳಿದ ತಕ್ಷಣ ಮಾಡಬೇಕಾದ ಕೆಲಸ ಒಂದೇ: ಕೊನೆಯ ಕ್ಯಾಬಿನ್ ಎಷ್ಟು ಹೊತ್ತಿಗೆ ಅಂತ ಅಲ್ಲಿನ ಸಿಬ್ಬಂದಿಯನ್ನು ಕೇಳುವುದು. ಸಂಜೆ ಅದು ತಪ್ಪಿದರೆ ಆ 500 ಮೆಟ್ಟಿಲೇ ಗತಿ.

ಕೆಳಗೆ ಹೋದವರಿಗೆಲ್ಲ ಅಕ್ಕಮಹಾದೇವಿ ಗುಹೆ ನೆನಪಾಗುತ್ತದೆ. ಚೆನ್ನಮಲ್ಲಿಕಾರ್ಜುನ ಅಂತ ಹಾಡಿಕೊಂಡು ಅಕ್ಕ ಬಂದ ಜಾಗ, ಕನ್ನಡದವರಿಗೆ ಆಸೆ ಇರುವುದು ಸಹಜ. ಪಾತಾಳಗಂಗೆಯಿಂದಲೇ ದೋಣಿ ಹೊರಡುತ್ತದೆ. ಆದರೆ ದೋಣಿ ಇಳಿದ ಮೇಲೆ ಮತ್ತೆ ಹತ್ತಬೇಕು, ಗುಹೆಯೊಳಗೆ ಬಗ್ಗಿ, ಓರೆಯಾಗಿ ತೂರಿ ಹೋಗಬೇಕು. ಅದಕ್ಕೇ ಅರ್ಧ ದಿನ ಬೇಕು. ನೀವು ಹೋಗಿ ಬನ್ನಿ, ಅತ್ತೆಯವರನ್ನು ಛತ್ರದಲ್ಲಿ ಬಿಡಿ. ಅವರ ಜೊತೆ ಒಬ್ಬರಿರಲಿ.

ರೋಪ್‌ವೇ ನಿಂತಿದ್ದರೆ? ಬೇಸರ ಬೇಡ. ಡ್ಯಾಂ ಕೆಳಗಿನ ಲಿಂಗಾಲಗಟ್ಟಿಗೆ ಗಾಡಿಯಲ್ಲೇ ನದಿಯ ಹತ್ತಿರದವರೆಗೆ ಹೋಗಬಹುದು. ಅದೂ ಕೃಷ್ಣೆಯೇ. ಗೇಟು ತೆಗೆದ ದಿನ ಮಾತ್ರ ಅಲ್ಲಿ ನೀರಿಗಿಳಿಯಬೇಡಿ.

ಕೊಡ, ಬಿಂದಿಗೆ ಒಯ್ಯಬೇಡಿ, ಕ್ಯಾಬಿನ್ ಅಲುಗಾಡಿದರೆ ಎಲ್ಲರ ಮೈ ಮೇಲೆ ಚೆಲ್ಲುತ್ತದೆ. ಗಟ್ಟಿ ಮುಚ್ಚಳದ ಒಂದು ಸ್ಟೀಲ್ ಕ್ಯಾನ್ ಸಾಕು. ಅತ್ತೆಯವರು ಮೇಲೆಯೇ ಕೂರುತ್ತೇನೆ ಅಂದರೂ ಗಂಗೆ ಅವರ ಹತ್ತಿರ ಬರಬೇಕಲ್ಲ.