1600 ಮೀಟರ್ ಓಟ: ಮೂರನೇ ಸುತ್ತಿಗೆ ಕಾಲು ಯಾಕೆ ಕೈಕೊಡುತ್ತದೆ?

ಪ್ರಶ್ನೆ: ಕಲಬುರಗಿಯಾಗ ಇದ್ಕೊಂಡು ಪೊಲೀಸ್ ಕಾನ್ಸ್‌ಟೇಬಲ್ ಫಿಸಿಕಲ್‌ಗೆ ತಯಾರಿ ಮಾಡ್ಲಕತ್ತೀನ್ರಿ. ಮೊದಲನೇ ಸುತ್ತು ಆರಾಮ ಹೋಗ್ತದ. ಎರಡನೇದಕ್ಕ ಉಸಿರು ಏರ್ತದ. ಮೂರನೇದಕ್ಕ ತೊಡಿ ಉರಿಲಕ್ಕ ಚಾಲೂ ಆಗಿ ಕಾಲೇ ಏಳಂಗಿಲ್ಲ. ಮೈಯಾಗ ಶಕ್ತಿ ಕಮ್ಮಿ ಅದ, ಓಡೋ ಮುಂಚೆ ಗ್ಲೂಕೋಸ್ ಪುಡಿ ತಿನ್ನು ಅಂತಾರ ದೋಸ್ತರು. ಖರೇ ಏನ್ರಿ?

ಉತ್ತರ: ಖರೇ ಅಲ್ಲ. ನಿಮ್ಮ ಮೈಯಲ್ಲಿ ಶಕ್ತಿಗೆ ಬರವಿಲ್ಲ. ಮೊದಲ ಸುತ್ತನ್ನು ಬೇಕಾದ್ದಕ್ಕಿಂತ ಜೋರಾಗಿ ಓಡುತ್ತಿದ್ದೀರಿ, ಅಷ್ಟೇ.

ಮೊದಲು ಶಕ್ತಿಯ ಲೆಕ್ಕ ಹಾಕೋಣ. ಓಡುವಾಗ ಒಂದು ಕಿಲೋಮೀಟರಿಗೆ, ಮೈತೂಕದ ಪ್ರತಿ ಕೆಜಿಗೆ ಸುಮಾರು 1 ಕಿಲೋಕ್ಯಾಲೊರಿ ಖರ್ಚಾಗುತ್ತದೆ. ನಿಮ್ಮ ತೂಕ 60 ಕೆಜಿ ಅಂದುಕೊಂಡರೆ 1600 ಮೀಟರಿಗೆ ಬೇಕಾಗುವುದು 100 ಕಿಲೋಕ್ಯಾಲೊರಿಯ ಆಸುಪಾಸು. ಮನೆಯಲ್ಲಿ ಬಡಿಯುವ ಒಂದು ಜೋಳದ ರೊಟ್ಟಿಯಲ್ಲೇ ಇದಕ್ಕಿಂತ ಜಾಸ್ತಿ ಇರುತ್ತದೆ. ಊಟದ ಪಿಷ್ಟವನ್ನು ದೇಹ ಗ್ಲೈಕೋಜೆನ್ ಮಾಡಿ ಇಟ್ಟುಕೊಳ್ಳುತ್ತದೆ. ಸ್ನಾಯುಗಳಲ್ಲಿ 300ರಿಂದ 500 ಗ್ರಾಂ, ಯಕೃತ್ತಿನಲ್ಲಿ ಇನ್ನೊಂದು 80–100 ಗ್ರಾಂ. ಹತ್ತು ಸಲ ಓಡಿದರೂ ಖಾಲಿಯಾಗದಷ್ಟು ಸರಕು ಒಳಗೇ ಇದೆ. ಕೊನೇ ಗಳಿಗೆಯಲ್ಲಿ ಬಾಯಿಗೆ ಹಾಕಿದ ಗ್ಲೂಕೋಸ್ ಪುಡಿಯಿಂದ ಬಾಯಿ ಸಿಹಿಯಾದೀತು, ಕಾಲಿಗೇನೂ ಆಗುವುದಿಲ್ಲ.

ಹಾಗಾದರೆ ತೊಡೆ ಉರಿಯುವುದು ಯಾಕೆ?

ಸ್ನಾಯು ನೇರವಾಗಿ ರೊಟ್ಟಿಯಿಂದಲೋ ಸಕ್ಕರೆಯಿಂದಲೋ ಕೆಲಸ ಮಾಡುವುದಿಲ್ಲ. ಅದಕ್ಕೆ ಬೇಕಾದದ್ದು ಎಟಿಪಿ ಎಂಬ ಅಣು. ಇದು ಒಡೆದಾಗ ಬರುವ ಶಕ್ತಿಯಿಂದಲೇ ಸ್ನಾಯು ಬಿಗಿಯಾಗುವುದು. ಆದರೆ ಸ್ನಾಯುವಿನಲ್ಲಿರುವ ಎಟಿಪಿ ಜೋರು ಓಟಕ್ಕೆ ಎರಡು ಮೂರು ಸೆಕೆಂಡಿಗಷ್ಟೇ ಸಾಲುತ್ತದೆ. ಹಾಗಾಗಿ ಖರ್ಚಾದಂತೆಲ್ಲ ಹೊಸದಾಗಿ ತಯಾರಾಗುತ್ತಲೇ ಇರಬೇಕು. ವಿಸಿಲ್ ಊದಿದ ತಕ್ಷಣ ಕೈಗೆ ಸಿಗುವುದು ಕ್ರಿಯಾಟಿನ್ ಫಾಸ್ಫೇಟ್, ಅಂದರೆ ಎಟಿಪಿಯನ್ನು ಥಟ್ಟನೆ ಮತ್ತೆ ತಯಾರಿಸಿಕೊಡಲು ಸ್ನಾಯುವಿನಲ್ಲೇ ಇರುವ ದಾಸ್ತಾನು. ಅದೂ ಹತ್ತು ಸೆಕೆಂಡಿನ ಮಾತು. ಆಮೇಲೆ ದೊಡ್ಡ ಭಾರ ಹೊರುವುದು ಸಕ್ಕರೆ. ಅದನ್ನು ಒಡೆಯಲು ಎರಡು ದಾರಿಗಳಿವೆ. ಆಮ್ಲಜನಕ ಸಾಕಷ್ಟು ಸಿಕ್ಕರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾದಲ್ಲಿ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ ಹುಟ್ಟುತ್ತವೆ. ಆಮ್ಲಜನಕಕ್ಕೆ ಕಾಯದೆ ಒಡೆದರೆ ಬರೀ 2. ಆದರೆ ಆ ಎರಡು ಬಹಳ ಬೇಗ ಬರುತ್ತವೆ.

ನಿಮ್ಮ ಸಮಸ್ಯೆ ಇರುವುದು ಇಲ್ಲೇ. ಸುಮ್ನೆ ಕೂತಾಗ ನಿಮ್ಮ ದೇಹ ನಿಮಿಷಕ್ಕೆ ಕಾಲು ಲೀಟರ್‌ನಷ್ಟು ಆಮ್ಲಜನಕ ಬಳಸುತ್ತದೆ. ಅಭ್ಯಾಸವಿರುವ ಹುಡುಗ ಜೋರಾಗಿ ಓಡುವಾಗ ಅದು 3 ಲೀಟರ್ ದಾಟಬಹುದು, ಅಂದರೆ ಹನ್ನೆರಡು ಪಟ್ಟು. ಈ ಏರಿಕೆ ತಟ್ಟನೆ ಆಗುವುದಿಲ್ಲ. ಎದೆಬಡಿತ ಏರಬೇಕು, ಕಾಲಿನ ರಕ್ತನಾಳಗಳು ಅಗಲವಾಗಬೇಕು, ಜೀವಕೋಶದ ಒಳಗಿನ ಕೆಲಸ ವೇಗ ಹಿಡಿಯಬೇಕು. ಇದಕ್ಕೆಲ್ಲ ಎರಡು ಮೂರು ನಿಮಿಷ ಬೇಕು. ಅಷ್ಟರೊಳಗೆ ನಿಮ್ಮ ಒಂದೂವರೆ ಸುತ್ತು ಮುಗಿದಿರುತ್ತದೆ!

ಆ ಹೊತ್ತಿನ ಕೊರತೆಯನ್ನು ಆಮ್ಲಜನಕವಿಲ್ಲದ ದಾರಿ ತುಂಬುತ್ತದೆ. ಕಿರಾಣಿ ಅಂಗಡಿಯ ಉದ್ರಿ ಇದ್ದ ಹಾಗೆ. ಸಾಮಾನು ಈಗಲೇ ಸಿಗುತ್ತದೆ, ಆದರೆ ಅಂಗಡಿಯವನು ಇಷ್ಟರ ಮೇಲೆ ಕೊಡುವುದಿಲ್ಲ. ಸ್ನಾಯು ಶರೀರಕ್ರಿಯೆಯ ಸಂಶೋಧನೆಗೆ 1922ರ ನೊಬೆಲ್ ಪಡೆದ ಎ.ವಿ. ಹಿಲ್ ಕೂಡ ಇದನ್ನು ಆಮ್ಲಜನಕದ ಸಾಲ ಅಂತಲೇ ಕರೆದರು. ಓಟ ಮುಗಿದ ಮೇಲೂ ಮಂಡಿ ಹಿಡಿದು ಏದುಸಿರು ಬಿಡುತ್ತೀರಲ್ಲ, ಅದರಲ್ಲಿ ಒಂದಿಷ್ಟು ಈ ಸಾಲದ ಮರುಪಾವತಿ. ಮೊದಲ ಸುತ್ತಿನಲ್ಲೇ ಉದ್ರಿ ಪೂರ್ತಿ ಎತ್ತಿದರೆ ಮೂರನೇ ಸುತ್ತಿಗೆ ಸ್ನಾಯುವಿನಲ್ಲಿ ಆಮ್ಲೀಯತೆ ಹೆಚ್ಚಿ, ಎಟಿಪಿ, ಕ್ರಿಯಾಟಿನ್ ಫಾಸ್ಫೇಟ್ ಒಡೆದು ಉಳಿದ ಫಾಸ್ಫೇಟ್ ಗುಡ್ಡೆಬಿದ್ದು, ಬಿಗಿಯಾಗುವ ಶಕ್ತಿಯೇ ಕುಗ್ಗುತ್ತದೆ. ನಿಮಗೆ ಉರಿ ಹತ್ತುವುದು, ಕಾಲು ಏಳದಿರುವುದು ಆಗ.

ಇದನ್ನೆಲ್ಲ ಲ್ಯಾಕ್ಟಿಕ್ ಆಸಿಡ್ ತಲೆಗೆ ಕಟ್ಟುವುದು ಹಳೇ ರೂಢಿ. ಪಾಪ, ಅದರ ಮೇಲೆ ಬೇಡದ ಅಪವಾದ. ಆಮ್ಲಜನಕವಿಲ್ಲದ ದಾರಿಯಲ್ಲಿ ಸಕ್ಕರೆ ಒಡೆದಾಗ ತಯಾರಾಗುವ ಲ್ಯಾಕ್ಟೇಟನ್ನು (ಮೈಯೊಳಗೆ ಲ್ಯಾಕ್ಟಿಕ್ ಆಸಿಡ್ ಇರುವುದು ಈ ರೂಪದಲ್ಲೇ) ಹೃದಯ ಇಂಧನವಾಗಿ ಬಳಸುತ್ತದೆ. ಯಕೃತ್ತು ಅದನ್ನು ಮತ್ತೆ ಗ್ಲೂಕೋಸ್ ಮಾಡುತ್ತದೆ. ಓಡಿದ ಒಂದು ಗಂಟೆಯ ಆಸುಪಾಸಿನಲ್ಲಿ ಅದರ ಮಟ್ಟ ಮೊದಲಿನಂತಾಗಿರುತ್ತದೆ. ಹಾಗಿರುವಾಗ ಮರುದಿನ ಮೆಟ್ಟಿಲು ಇಳಿಯುವಾಗಿನ ತೊಡೆನೋವಿಗೆ ಅದು ಕಾರಣ ಆಗುವುದು ಹೇಗೆ, ಅಲ್ವಾ? ಆ ನೋವು ಬರುವುದು ಅಭ್ಯಾಸವಿಲ್ಲದ ಕೆಲಸದಿಂದ ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಸಣ್ಣ ಪೆಟ್ಟಿನಿಂದ.

ಈಗ ಗಡಿಯಾರ ನೋಡೋಣ. ಇತ್ತೀಚಿನ ನೇಮಕಾತಿಗಳಲ್ಲಿ ಪುರುಷರಿಗೆ 1600 ಮೀಟರಿಗೆ ಕೊಟ್ಟ ಸಮಯ 6 ನಿಮಿಷ 30 ಸೆಕೆಂಡು. 400 ಮೀಟರ್ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು, ಸುತ್ತಿಗೆ 97 ಸೆಕೆಂಡು. ಗುಂಪಿನ ಜೋಶ್‌ನಲ್ಲಿ ಹೆಚ್ಚಿನವರು ಮೊದಲ ಸುತ್ತನ್ನು 80 ಸೆಕೆಂಡಿಗೇ ಮುಗಿಸುತ್ತಾರೆ. ಉಳಿಸಿದ 17 ಸೆಕೆಂಡಿಗಿಂತ ಜಾಸ್ತಿ ಸಮಯವನ್ನು ಮೂರು, ನಾಲ್ಕನೇ ಸುತ್ತಿನಲ್ಲಿ ಕಳೆದುಕೊಳ್ಳುತ್ತಾರೆ. ನಾಳೆ ಮೊದಲ ಸುತ್ತನ್ನು 95ಕ್ಕೆ ಓಡಿ ನೋಡಿ. ನಿಧಾನ ಆಯ್ತು ಅನಿಸುತ್ತದೆ, ಪಕ್ಕದವರು ಮುಂದೆ ಹೋಗುತ್ತಾರೆ. ಹೋಗಲಿ ಬಿಡಿ.

ಶುರು ಮಾಡುವ ಮೊದಲು ಹತ್ತು ಹದಿನೈದು ನಿಮಿಷ ಮೆಲ್ಲಗೆ ಓಡಿ, ಆಮೇಲೆ 60–80 ಮೀಟರ್‌ನ ಮೂರು ನಾಲ್ಕು ಚುರುಕು ಓಟ ಹಾಕಿ. ಆಮ್ಲಜನಕದ ದಾರಿ ಬೇಗ ತೆರೆದುಕೊಳ್ಳುತ್ತದೆ, ಉದ್ರಿ ಕಡಿಮೆಯಾಗುತ್ತದೆ. ನಿಂತ ನೆಲದಲ್ಲೇ ಕೈಕಾಲು ಜಗ್ಗಾಡಿದರೆ ಇದು ಆಗುವುದಿಲ್ಲ. ಆರು ನಿಮಿಷದ ಓಟದಲ್ಲಿ ಮುಕ್ಕಾಲಿಗಿಂತ ಹೆಚ್ಚು ಶಕ್ತಿ ಆಮ್ಲಜನಕದ ದಾರಿಯಲ್ಲೇ ಬರುವುದರಿಂದ ವಾರಕ್ಕೆರಡು ದಿನ ಐದಾರು ಕಿಲೋಮೀಟರ್ ಮಾತಾಡಿಕೊಂಡು ಓಡುವ ವೇಗದಲ್ಲಿ ಓಡಿ. ಕೆಲವು ವಾರಗಳಲ್ಲಿ ಸ್ನಾಯುವಿನಲ್ಲಿ ಮೈಟೋಕಾಂಡ್ರಿಯಾ, ಸಣ್ಣ ರಕ್ತನಾಳ ಎರಡೂ ಹೆಚ್ಚುತ್ತವೆ. ಒಂದು ದಿನ 400 ಮೀಟರನ್ನು 90–95 ಸೆಕೆಂಡಿನಲ್ಲಿ, ನಡುವೆ ಎರಡು ನಿಮಿಷ ನಡೆದಾಡುತ್ತ ಐದಾರು ಸಲ ಓಡಿದರೆ ವೇಗದ ಅಂದಾಜು ಕಾಲಿಗೇ ಸಿಗುತ್ತದೆ.

ನಮ್ಮ ಬಿಸಿಲಿನ ಮಾತು ಬೇರೆ. ಖರ್ಚಾಗುವ ಶಕ್ತಿಯಲ್ಲಿ ಓಟಕ್ಕೆ ಸಿಗುವುದು ನಾಲ್ಕರಲ್ಲಿ ಒಂದು ಪಾಲು ಮಾತ್ರ, ಉಳಿದದ್ದೆಲ್ಲ ಶಾಖ. ಮೇ ತಿಂಗಳಲ್ಲಿ ಕಲಬುರಗಿಯ ಗಾಳಿ 42 ಡಿಗ್ರಿ ಇದ್ದಾಗ ಅದು ಚರ್ಮಕ್ಕಿಂತ ಬಿಸಿ. ಆಗ ಮೈ ತಣ್ಣಗಾಗಲು ಬೆವರೊಂದೇ ದಾರಿ. ಕಾಲಿಗೆ ಹೋಗಬೇಕಾದ ರಕ್ತದಲ್ಲಿ ಒಂದು ಪಾಲು ಚರ್ಮಕ್ಕೆ ಹರಿಯುತ್ತದೆ, ಅದೇ ಹುಡುಗ ಅದೇ ಟ್ರ್ಯಾಕ್‌ನಲ್ಲಿ ನಿಧಾನವಾಗುತ್ತಾನೆ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಓಟ ಮುಗಿಸಿ, ನೀರು ಕುಡಿಯಿರಿ. ಓಡುವಾಗ ಎದೆನೋವು ಬಂದರೆ, ಕಣ್ಣು ಕತ್ತಲಿಟ್ಟರೆ ನಿಂತುಬಿಡಿ, ವೈದ್ಯರನ್ನು ಕಾಣಿರಿ.

ಊಟದ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಹಿಂದಿನ ರಾತ್ರಿ ರೊಟ್ಟಿ, ತೊಗರಿಬ್ಯಾಳಿ, ಅನ್ನ ಹೊಟ್ಟೆತುಂಬ ಉಂಡರೆ ಸಾಕು. ಎಣ್ಣೆ, ಶೇಂಗಾ ಹಿಂಡಿ (ಚಟ್ನಿಪುಡಿ) ಜೀರ್ಣವಾಗಲು ಹೊತ್ತು ಹಿಡಿಯುತ್ತವೆ, ಓಟದ ದಿನ ಬೆಳಿಗ್ಗೆ ಬೇಡ.

ಹೆಣ್ಣುಮಕ್ಕಳಿಗೆ ಇರುವುದು 400 ಮೀಟರ್, 2 ನಿಮಿಷ. ಎರಡು ನಿಮಿಷ ಪೂರ್ತಿ ಬಲ ಹಾಕಿ ಓಡಿದರೆ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಶಕ್ತಿ ಆಮ್ಲಜನಕವಿಲ್ಲದ ದಾರಿಯಿಂದಲೇ ಬರಬಹುದು. ಹಾಗಾಗಿ ಅವರು ಉದ್ರಿಗೆ ಅಷ್ಟು ಹೆದರಬೇಕಿಲ್ಲ. ಆದರೂ ಮೊದಲ 200 ಮೀಟರನ್ನು 55 ಸೆಕೆಂಡಿಗೆ ಮುಟ್ಟಿದರೆ ಸಾಕು, ಅದಕ್ಕಿಂತ ಜೋರು ಬೇಡ.