ರೂಲ್ ಭಾಷೆಗೆ ‘ಎಲ್ಸ್’ ಬೇಕಾ?

ಜಾವಾ, ಪೈಥಾನ್ ಕಲಿತ ಹುಡುಗರು ರೂಲ್ ಎಂಜಿನ್ (ಬರೆದಿಟ್ಟ ನಿಯಮಗಳನ್ನು ಮಾಹಿತಿಗೆ ಹೊಂದಿಸಿ ಓಡಿಸುವ ಸಾಫ್ಟ್‌ವೇರ್) ಮುಂದೆ ಕೂತಾಗ ಮೊದಲು ಕೇಳುವುದೇ ಇದು: ‘ಸರ್, ಇಲ್ಲಿ ಎಲ್ಸ್, ಅಂದರೆ “ಇಲ್ಲದಿದ್ದರೆ” ಯಾಕಿಲ್ಲ?’ ಕ್ಲಿಪ್ಸ್, ಡ್ರೂಲ್ಸ್ ಎಂಬ ಎಂಜಿನ್‌ಗಳ ರೂಲ್‌ನಲ್ಲಿ ‘ಹೀಗಿದ್ದರೆ’, ‘ಹೀಗೆ ಮಾಡು’ ಅಂತ ಎರಡೇ ಭಾಗ. ಆ ‘ಹೀಗೆ ಮಾಡು’ ಭಾಗದ (ಆಕ್ಷನ್) ಒಳಗೆ ಇಫ್-ಎಲ್ಸ್ ಬರೆಯಬಹುದು, ಅದು ಬೇರೆ ಮಾತು.

ನಮ್ಮ ದಾವಣಗೆರೆಯ ಮೆಕ್ಕೆಜೋಳವನ್ನೇ ತೆಗೆದುಕೊಳ್ಳಿ. ‘ತೇವಾಂಶ ಶೇ 14ರೊಳಗಿದ್ದರೆ ಪೂರ್ತಿ ದರ, ಇಲ್ಲದಿದ್ದರೆ ಕಡಿತ’ ಎಂದು ಬರೆದೆವು ಎನ್ನೋಣ. ಓದಲು ಸರಿಯಾಗಿಯೇ ಇದೆ. ಆದರೆ ಒಂದು ಲಾಟ್‌ನ ತೇವಾಂಶ ಇನ್ನೂ ಅಳೆದೇ ಇಲ್ಲ. ಎಂಜಿನ್ ನೋಡುವುದು ತನ್ನ ನೆನಪಿನಲ್ಲಿರುವ ಮಾಹಿತಿಯನ್ನು ಮಾತ್ರ. ಅಲ್ಲಿ ತೇವಾಂಶವೇ ಇಲ್ಲದ ಮೇಲೆ ಷರತ್ತು ಹೊಂದುವುದಿಲ್ಲ, ಲಾಟ್ ಸೀದಾ ಎಲ್ಸ್‌ಗೆ ಬೀಳುತ್ತದೆ. ಒಣಗಿದ ಕಾಳು ತಂದ ರೈತನಿಗೂ ಕಡಿತ! ‘ಸುಳ್ಳು’ ಮತ್ತು ‘ಗೊತ್ತಿಲ್ಲ’ ಎರಡನ್ನೂ ಒಂದೇ ಕಡೆ ತಳ್ಳುವ ಎಲ್ಸ್ ನನಗೆ ಬೇಡ.

ಎಲ್ಸ್ ಇಲ್ಲದಾಗ ಜನ ಹಿಡಿಯುವ ದಾರಿ ಸೇಲಿಯನ್ಸ್, ಅಂದರೆ ರೂಲ್‌ಗೆ ಕೊಡುವ ಆದ್ಯತೆಯ ಅಂಕಿ. ಕ್ಲಿಪ್ಸ್‌ನಲ್ಲಿ ಅದು −10000ರಿಂದ 10000ರವರೆಗೆ ಇರಬಹುದು. ಒಬ್ಬರು 10 ಹಾಕುತ್ತಾರೆ, ಇನ್ನೊಬ್ಬರು ಅದನ್ನು ಮೀರಿಸಲು 20. ಕೊನೆಗೆ ಯಾವುದು ಮೊದಲು ಓಡುತ್ತದೆ ಎಂದು ತಿಳಿಯಲು ಎಲ್ಲ ಫೈಲ್ ತೆರೆಯಬೇಕು. ಪ್ರೊಲಾಗ್ ಎಂಬ ಲಾಜಿಕ್ ಭಾಷೆಯ ಕಟ್ (ಇನ್ನು ಬೇರೆ ದಾರಿ ನೋಡಬೇಡ ಎನ್ನುವ ‘!’ ಗುರುತು) ಕೂಡ ಹೀಗೇ. ಮೇಲಿನ ಸಾಲಿನ ಒಂದು ಆಶ್ಚರ್ಯಸೂಚಕ ಚಿಹ್ನೆ ಕೆಳಗಿನ ಸಾಲಿನ ಅರ್ಥವನ್ನೇ ಬದಲಿಸಬಹುದು.

ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದದ್ದು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1975ರಲ್ಲಿ ಮುಂದಿಟ್ಟ ಗಾರ್ಡೆಡ್ ಕಮಾಂಡ್. ಅಲ್ಲಿ ಪ್ರತಿ ಕವಲೂ ತನ್ನ ಷರತ್ತನ್ನು ತಾನೇ ಹೇಳುತ್ತದೆ. ಯಾವುದೂ ಹೊಂದದಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ, ಸುಮ್ನೆ ಮುಂದೆ ಹೋಗುವುದಿಲ್ಲ. ಡಿಎಂಎನ್ (ನಿರ್ಧಾರದ ನಿಯಮಗಳನ್ನು ಬರೆಯುವ ಒಂದು ಸ್ಟ್ಯಾಂಡರ್ಡ್) ಟೇಬಲ್‌ಗಳೂ ಒಂದು ಒಳ್ಳೆಯ ಕೆಲಸ ಮಾಡಿವೆ: ‘ಒಂದೇ ಸಾಲು ಹೊಂದಬೇಕು’ ಅಥವಾ ‘ಮೊದಲು ಹೊಂದಿದ್ದು ಸಾಕು’ ಎಂಬುದನ್ನು ಟೇಬಲ್ ಮೇಲೇ ಬರೆಯುತ್ತವೆ.

ನಾನಾದರೆ ಸಿಂಟ್ಯಾಕ್ಸ್ ಹೀಗೆ ಇಡುತ್ತೇನೆ:

ಒಂದನ್ನೇ ಆರಿಸು: ಲಾಟ್.ತೇವಾಂಶ
 14 ಅಥವಾ ಕಡಿಮೆ → ಪೂರ್ತಿ ದರ
 14ಕ್ಕಿಂತ ಜಾಸ್ತಿ → ಕಡಿತ
 ಗೊತ್ತಿಲ್ಲ → ಅಳೆಯಲು ಕಳಿಸು

‘ಗೊತ್ತಿಲ್ಲ’ ಸಾಲು ಬಿಟ್ಟರೆ ಕಂಪೈಲರ್ ಒಪ್ಪಬಾರದು. ಎರಡು ಸಾಲುಗಳ ಅಂಕಿ ಒಂದರ ಮೇಲೊಂದು ಬಂದರೂ, ನಡುವೆ ಜಾಗ ಬಿಟ್ಟರೂ ಒಪ್ಪಬಾರದು. ಇಂಥ ಸರಳ ಅಂಕಿಗಳಲ್ಲಿ ಅದನ್ನು ಓಡಿಸುವ ಮೊದಲೇ ಪತ್ತೆ ಮಾಡಬಹುದು. ಬೇರೆ ಬೇರೆ ಮಾಹಿತಿ ಸೇರಿದ ಷರತ್ತಿನಲ್ಲಿ ಅದು ಯಾವಾಗಲೂ ಆಗುವುದಿಲ್ಲ. ಅಲ್ಲಿ ಡೈಕ್‌ಸ್ಟ್ರಾ ಹೇಳಿದಂತೆ ಓಡುವಾಗಲೇ ನಿಲ್ಲಿಸಿ, ಯಾವ ಲಾಟ್ ಎಂದು ತೋರಿಸಬೇಕು.